ಮುಸಫ್ಫಾದಲ್ಲಿ ಎರೆದ ಧಾರೆ

ಅಬುಧಾಬಿಯಲ್ಲಿ ಮಳೆ ಬಂದರೆ ಅದೇ ಒಂದು ಸುದ್ದಿ. ಅದರಲ್ಲೂ 2016ರ ಮಾರ್ಚ್ ಒಂಬತ್ತರ ಬುಧವಾರ ಬಂದದ್ದು ಬರೀ ಮಳೆಯಲ್ಲ, ಬಿರುಗಾಳಿಯ ಬೆನ್ನೇರಿ ಬಂದ ನೀರು. ವಿಮಾನಗಳು ನಿಂತವು, ಶಾಲೆಗಳಿಗೆ ರಜೆ ಸಾರಿದರು, ಖಲೀಫಾ ಸಿಟಿಯ ರಸ್ತೆಗಳಲ್ಲಿ ಕಾರುಗಳು ಅರ್ಧ ಗಾಲಿ ಮುಳುಗಿಸಿಕೊಂಡು ಅಲ್ಲಲ್ಲೇ ಉಳಿದವು. ಅಲ್ಲಿನ ಒಂದು ವಿಲ್ಲಾದ ನೆಲಮಹಡಿಯಲ್ಲಿ, ಆಸ್ವಾಲ್ಡ್ ಮತ್ತು ಮಾರ್ಟಿನಾ ದಂಪತಿ ಬಾಡಿಗೆಗಿದ್ದ ಎರಡು ಕೋಣೆಯ ಪಾಲಿಗೆ, ನೀರು ಬಾಗಿಲಡಿಯಿಂದ ಸದ್ದಿಲ್ಲದೆ ಬಂತು.

ಗುಣಪಾಲ ಅಲ್ಲಿಗೆ ಬಂದದ್ದು ಹನ್ನೊಂದು ಗಂಟೆಗೆ, ಅರ್ಧ ತಾಸು ಕೂತು ಹೋಗಲೆಂದು. ಗಂಟೆ ನಾಲ್ಕಾದರೂ ಅಲ್ಲೇ ಇದ್ದರು. ಅವರಿಗೆ ಅರವತ್ತು ತುಂಬಿತ್ತು. ವೀಸಾ ರದ್ದಾಗಿತ್ತು, ಶುಕ್ರವಾರ ಮಂಗಳೂರಿಗೆ ಟಿಕೆಟ್ ಆಗಿತ್ತು. ಮುಸಫ್ಫಾದ ಉಗ್ರಾಣವೊಂದರಲ್ಲಿ ಆಸ್ವಾಲ್ಡ್ ಮತ್ತು ಅವರು ಹದಿನೇಳು ವರ್ಷ ಜೊತೆಗೆ ದುಡಿದವರು. ಮೂರ್ತಿ, ಚಿತ್ರ, ಹಳೆಯ ಪಾತ್ರೆ ಮುಂತಾಗಿ ಪ್ರದರ್ಶನಗಳಿಗೆ ಬರುವ ವಸ್ತುಗಳನ್ನು ಪೆಟ್ಟಿಗೆಯಿಂದ ಬಿಚ್ಚಿ, ಕಾದು, ಮತ್ತೆ ಪೆಟ್ಟಿಗೆಗೆ ತುಂಬಿ ಕಳಿಸುವ ಕೆಲಸ.

ಮೇಲಿನ ಮಹಡಿಯ ಖೈರುನ್ನಿಸ ಛಾವಣಿ ಸೋರುತ್ತದೆಂದು ಇಳಿದು ಬಂದಿದ್ದರು. ಅವರು ದಾವಣಗೆರೆಯವರು, ತುಳು ಬಾರದು. ಹಾಗಾಗಿ ಮಾತು ಕನ್ನಡಕ್ಕೆ ತಿರುಗಿತ್ತು. ಚಹಾ ಹೀರುತ್ತಾ ಅವರೇ ಅಂದರು:

“ಇಂಥಾ ಮಳ್ಯಾಗ ಯಾರಾದ್ರೂ ಒಂದು ದೆವ್ವದ ಕತಿ ಹೇಳಬೇಕು ನೋಡ್ರಿ. ಆದ್ರ ಈ ಊರಾಗ ದೆವ್ವ ಎಲ್ಲೈತಿ? ಎಲ್ಲಾ ಹೊಸಾ ಬಿಲ್ಡಿಂಗು.”

“ಇಲ್ಲಿ ದೆವ್ವಕ್ಕೂ ವೀಸಾ ಬೇಕು” ಎಂದು ಆಸ್ವಾಲ್ಡ್ ನಕ್ಕರು. ಗುಣಪಾಲ ನಗಲಿಲ್ಲ.

ಒಂದು ಸಂಗತಿ ತಿಳಿದುಕೊಳ್ಳಲೆಂದೇ ಅವರು ಈ ಮನೆಗೆ ಬಂದಿದ್ದರು. ಅದನ್ನು ಮಾರ್ಟಿನಾರ ಹತ್ತಿರ ಬಾಯಿಬಿಟ್ಟು ಕೇಳುವುದಿಲ್ಲವೆಂದು ಆಸ್ವಾಲ್ಡ್‌ಗೆ ಮಾತು ಕೊಟ್ಟಿದ್ದರು. ಆದರೆ ಕತೆ ಹೇಳುವುದಿಲ್ಲವೆಂದು ಮಾತು ಕೊಟ್ಟಿರಲಿಲ್ಲ.

“ಉಂಟು” ಎಂದರು ಗುಣಪಾಲ. “ಒಂದು ಉಂಟು ಖೈರುನ್ನಿಸಮ್ಮ. ಆದರೆ ಅದು ಹೆದರಿಸುವ ಜಾತಿಯದ್ದಲ್ಲ... ಕಾಯುವ ಜಾತಿಯದ್ದು. ಹೇಳ್ಲಾ?”

ಆಸ್ವಾಲ್ಡ್ ಕಿಟಕಿಯ ಕಡೆ ತಿರುಗಿ ಕೂತರು. ಮಾರ್ಟಿನಾ ಬಾಗಿಲ ಬಳಿ ಮೊಣಕಾಲೂರಿ, ಒಳಗೆ ಬರುವ ನೀರನ್ನು ಹಳೆಯ ಟವೆಲಿನಿಂದ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು.

“ನನಗೊಬ್ಬ ತಮ್ಮ ಇದ್ದ, ರಿತೇಶ. ತೊಂಬತ್ತಮೂರರಲ್ಲಿ ನಾನೇ ವೀಸಾ ಮಾಡಿಸಿ ಕರೆಸಿದ್ದು. ಇಪ್ಪತ್ತನಾಲ್ಕು ವರ್ಷ ಅವನಿಗೆ. ಬಂದು ಎಪ್ಪತ್ತು ದಿನ ಆಗಿತ್ತು ಅಷ್ಟೇ... ಅಲ್ ಐನ್ ರಸ್ತೆಯಲ್ಲಿ ಅಪಘಾತ. ಹೆಣ ಊರಿಗೆ ಕಳಿಸಿದೆ. ಹೆಣ ಹೋಯ್ತು ಅಮ್ಮ. ಅವ ಹೋದನಾ?”

ಹೋಗಲಿಲ್ಲ ಎಂದು ಗುಣಪಾಲರ ಮನೆಯವರು ನಂಬಿದರು. ಸತ್ತವರನ್ನು ಕರಾವಳಿಯಲ್ಲಿ ಕುಲೆ ಎನ್ನುತ್ತಾರೆ. ವರ್ಷಕ್ಕೊಮ್ಮೆ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಅವರಿಗೆ ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಾರೆ. ಊರಲ್ಲಿ, ಕಾಪುವಿನ ಮನೆಯಲ್ಲಿ ರಿತೇಶನಿಗೆ ಬಡಿಸಿದ ಅನ್ನ ಕದಲಲಿಲ್ಲ. ಮರುವರ್ಷ ಗುಣಪಾಲ ಮುಸಫ್ಫಾದ ತಮ್ಮ ಕೋಣೆಯಲ್ಲೇ ಒಂದು ಎಲೆ ಹಾಕಿದರು. ಬಾಗಿಲು ತೆರೆದಾಗ ಅನ್ನದ ಮೇಲೆ ನಾಲ್ಕು ಬೆರಳಿನ ಗುರುತು ಇತ್ತು.

ಮದುವೆಯಾಗದೆ ಸತ್ತವರಿಗೆ ಆ ಕಡೆ ಮದುವೆಯನ್ನೂ ಮಾಡಿಸುತ್ತಾರೆ. ಹಾಗೆಯೇ ಸತ್ತ ಒಬ್ಬ ಹುಡುಗಿಯನ್ನು ಹುಡುಕಿ, ಎರಡೂ ಮನೆಯವರು ಕೂತು ಮಾತಾಡಿ, ಸೀರೆ, ಪಂಚೆ, ಬಳೆ, ಕರಿಮಣಿ ಇಟ್ಟು, ಜೀವ ಇದ್ದವರಿಗೆ ಮಾಡಿದ ಹಾಗೇ. ಗುಣಪಾಲರ ಅಕ್ಕ ಜಲಜಾಕ್ಷಿ ಎರಡು ಕಡೆ ಹುಡುಗಿ ನೋಡಿದ್ದಳು. ಎರಡೂ ಕಡೆ ಒಂದೇ ಉತ್ತರ ಬಂತು: ನಿಮ್ಮ ಹುಡುಗ ತೀರಿಕೊಂಡದ್ದು ಗಲ್ಫಿನಲ್ಲಿ, ಅವ ಇರುವುದೂ ಅಲ್ಲೇ, ನಮ್ಮ ಹುಡುಗಿ ಕಡಲು ದಾಟಿ ಹೇಗೆ ಹೋಗುತ್ತಾಳೆ?

ಹೀಗೆ ಇಪ್ಪತ್ತು ವರ್ಷ. ಗುಣಪಾಲರ ಜೊತೆ ಬಂದವರೆಲ್ಲ ಊರು ಸೇರಿದರು. ಅವರು ಮಾತ್ರ ಉಳಿದರು. ಯಾರಾದರೂ ಕೇಳಿದರೆ ಸಂಬಳ ಚೆನ್ನಾಗಿದೆ ಎನ್ನುತ್ತಿದ್ದರು.

“ಆ ಹುಡುಗನನ್ನು ಒಬ್ಬನನ್ನೇ ಈ ಮರಳಲ್ಲಿ ಬಿಟ್ಟು ಹೋಗುದು ಹೇಗೆ, ನೀವೇ ಹೇಳಿ?”

ಖೈರುನ್ನಿಸ ಕಪ್ಪನ್ನು ಕೆಳಗಿಟ್ಟರು.

2012ರ ಕೊನೆಗೆ ಯುರೋಪಿನ ಒಬ್ಬ ಸಂಗ್ರಾಹಕನಿಂದ ಉಗ್ರಾಣಕ್ಕೆ ಒಂದು ಪೆಟ್ಟಿಗೆ ಬಂತು. ಒಳಗಿದ್ದುದು ಬಿಳಿ ಅಮೃತಶಿಲೆಯ ಕೊಡ. ಎದೆಮಟ್ಟದ ಎತ್ತರ, ತೆಳ್ಳಗಿನ ಉದ್ದ ಕತ್ತು. ಹೊಟ್ಟೆಯ ಮೇಲೆ ಒಬ್ಬ ಹುಡುಗಿ ಗಡ್ಡದ ಗಂಡಸಿನ ಕೈ ಹಿಡಿದು ನಿಂತ ಚಿತ್ರ ಕೆತ್ತಿತ್ತು. ಅವಳು ಅವನನ್ನು ನೋಡುತ್ತಿಲ್ಲ, ಅವನ ಭುಜದಾಚೆ ಏನನ್ನೋ ನೋಡುತ್ತಿದ್ದಾಳೆ. ಕೊಡ ಎಂದರೂ ಅದರಲ್ಲಿ ಒಂದು ತೊಟ್ಟು ನೀರು ಹಿಡಿಯದು, ಒಳಗೂ ಕಲ್ಲೇ. ಪ್ರದರ್ಶನ ಮುಂದಕ್ಕೆ ಹೋಯಿತು, ಕೊಡ ಉಗ್ರಾಣದಲ್ಲಿ ಉಳಿಯಿತು.

ಫೆಬ್ರವರಿಯಿಂದ ಅದರ ಬುಡದಲ್ಲಿ ನೆಲ ಒದ್ದೆಯಾಗತೊಡಗಿತು. ಆ ಕೋಣೆಯ ಉಷ್ಣಾಂಶ ಸದಾ ಇಪ್ಪತ್ತೊಂದು ಡಿಗ್ರಿ, ತೇವಾಂಶ ಶೇಕಡಾ ನಲವತ್ತೈದು. ಗುಣಪಾಲ ಮಾಪಕದ ಕಾಗದ ತೆಗೆದು ನೋಡಿದರು; ಗೆರೆ ಅಲುಗಿರಲಿಲ್ಲ. ಛಾವಣಿ ನೋಡಿದರು, ಎಸಿ ಕೊಳವೆ ನೋಡಿದರು. ಎಲ್ಲೂ ಹನಿಯಿಲ್ಲ. ದಿನಾ ಮಧ್ಯಾಹ್ನ ಊಟ ಮುಗಿಸಿ ಬಂದರೆ ಅಂಗೈಯಗಲ ನೀರು, ಅಲ್ಲಿಂದ ಷಟರಿನವರೆಗೆ ಚಿಕ್ಕ ಚಿಕ್ಕ ಹೆಜ್ಜೆಯ ಗುರುತು. ಹೋದ ಹೆಜ್ಜೆ ಉಂಟು, ಬಂದ ಹೆಜ್ಜೆ ಉಂಟು. ಷಟರು ದಾಟಿದ್ದು ಮಾತ್ರ ಇಲ್ಲ.

“ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗ್ಲಿಲ್ಲ. ಸ್ಟೂಲು ಹಾಕಿ ಕೂತೆ. ಹೊರಗೆ ಬಿಸಿಲು ಅಂದ್ರೆ ಬಿಸಿಲು, ಒಳಗೆ ಎಸಿಯ ಒಂದೇ ಸಮದ ಗುಂಯ್... ನಿದ್ದೆಯಾ ಎಚ್ಚರವಾ ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ಷಟರಿನ ಹತ್ತಿರ ಒಂದು ಹುಡುಗಿ ನಿಂತಿದ್ದಳು. ಬೆನ್ನು ಈ ಕಡೆ. ತಲೆಗೆ ಮಿಂದ ಕೂದಲು, ಸೊಂಟದವರೆಗೆ, ತೊಟ್ಟಿಕ್ಕುತ್ತಾ... ಕಿವಿಯನ್ನು ಷಟರಿಗೆ ಇಟ್ಟು ಕೇಳ್ತಾ ಇದ್ದಳು. ದಿಬ್ಬಣ ಬರುವಾಗ ಮದುಮಗಳು ಒಳಗಿನಿಂದ ವಾಲಗ ಕೇಳುದಿಲ್ವಾ, ಹಾಗೆ. ನಾನು ತುಳುವಿನಲ್ಲೇ ಕೇಳಿದೆ, ಯಾರನ್ನು ಕಾಯ್ತಿ ಮಗಾ ಅಂತ. ಅವಳು ತಿರುಗಲಿಲ್ಲ. ನನಗೆ ಹೆದರಿಕೆ ಆಗ್ಲಿಲ್ಲ ಅಮ್ಮ... ಪಾಪ ಅನ್ನಿಸಿತು.”

ಮೇ ತಿಂಗಳಲ್ಲಿ ಕೊಡದ ಸ್ಥಿತಿ ಪರೀಕ್ಷಿಸಲು ಸ್ತಮಾತಿಯಾ ಎಂಬ ಗ್ರೀಕ್ ಹೆಂಗಸು ಬಂದರು, ಮೂರು ವಾರಕ್ಕೆ. ಕತ್ತಿನ ಕೆಳಗೆ ಕೆತ್ತಿದ್ದ ಅಕ್ಷರಗಳನ್ನು ಓದಿ ಹೇಳಿದವರು ಅವರೇ. ಎರಡು ಸಾವಿರದ ಮುನ್ನೂರ ಚಿಲ್ಲರೆ ವರ್ಷದ ಹಿಂದಿನ ಅಥೆನ್ಸಿನಲ್ಲಿ, ಮದುವೆಯ ದಿನ ಹುಡುಗಿಗೆ ಮೀಯಿಸುವ ನೀರನ್ನು ಒಂದು ಬುಗ್ಗೆಯಿಂದ ಇಂಥ ಉದ್ದ ಕತ್ತಿನ ಕೊಡದಲ್ಲಿ ತರುತ್ತಿದ್ದರು. ಮದುವೆಯಾಗದೆ ಸತ್ತವರ ಗೋರಿಯ ಮೇಲೆ ಆ ಕೊಡವನ್ನೇ ಕಲ್ಲಿನಲ್ಲಿ ಕಡೆಸಿ ನಿಲ್ಲಿಸುತ್ತಿದ್ದರು. ಮೀಯದ ನೀರಿನ ಕೊಡ.

ಹುಡುಗಿ ಅಥೆನ್ಸಿನಲ್ಲೇ ಬದುಕಿದವಳಿರಬೇಕು, ಆದರೆ ಅಥೆನ್ಸಿನವಳಲ್ಲ ಎಂದರು ಸ್ತಮಾತಿಯಾ. ತಂದೆಯ ಊರು ಮಿಲೆಟಸ್, ಕಡಲಾಚೆ. ಅಥೆನ್ಸಿನ ಗಂಡಸರು ಗುಡ್ಡದ ಮೇಲೆ ಸಭೆ ಸೇರಿ, ಕೈಯೆತ್ತಿ ತಮ್ಮ ಕಾನೂನು ತಾವೇ ಮಾಡಿಕೊಳ್ಳುತ್ತಿದ್ದರು. ಜಗತ್ತು ಇವತ್ತಿಗೂ ಅದನ್ನು ಕೊಂಡಾಡುತ್ತದೆ. ಆದರೆ ಅಪ್ಪ ಅಮ್ಮ ಇಬ್ಬರೂ ಅಲ್ಲಿಯವರೇ ಆಗಿದ್ದರೆ ಮಾತ್ರ ಆ ಸಭೆಯಲ್ಲಿ ಜಾಗ. ಹೊರಗಿನಿಂದ ಬಂದು ನೆಲೆಸಿದವನಿಗೆ ಅಲ್ಲಿಯ ಒಬ್ಬ ಜವಾಬ್ದಾರನಿರಬೇಕು, ತಿಂಗಳು ತಿಂಗಳು ತಲೆಗಂದಾಯ ಕಟ್ಟಬೇಕು, ಮನೆ ಜಮೀನು ಕೊಳ್ಳುವಂತಿಲ್ಲ, ಅಲ್ಲಿಯವರೊಡನೆ ಮದುವೆ ಕೂಡದು. ಮಗ ಅಲ್ಲೇ ಹುಟ್ಟಿದರೂ ಪರದೇಶಿ, ಮೊಮ್ಮಗ ಹುಟ್ಟಿದರೂ ಪರದೇಶಿ.

“ನಾನಂದೆ, ಅಂದ್ರೆ ಕಫೀಲ್ ಬೇಕು ಅನ್ನಿ. ಅವರಿಗೆ ಅದು ಗೊತ್ತಿಲ್ಲ. ನಮ್ಮನ್ನು ಇಲ್ಲಿ ಕರೆಸಿದವರಿಗೆ ಹಾಗೆ ಹೇಳುದು ಅಂತ ವಿವರಿಸಿದೆ. ಪುಸ್ತಕದಲ್ಲಿ ಬರೆದುಕೊಂಡ್ರು.”

“ಹೆಸರೇನ್ರಿ ಆ ಹುಡುಗೀದು?” ಖೈರುನ್ನಿಸ ಕೇಳಿದರು.

“ಅದನ್ನು ಹೇಳುದಿಲ್ಲ. ಅಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣಿನ ಹೆಸರನ್ನು, ಅವಳು ಇರುವಷ್ಟು ದಿನ, ಹೊರಗಿನವರ ಮುಂದೆ ತೆಗೀಲಿಕ್ಕೆ ಇಲ್ವಂತೆ. ಸತ್ತ ಮೇಲೆ ಕಲ್ಲಿನ ಮೇಲೆ ಮಾತ್ರ.”

“ಸತ್ತಾಳಲ್ರೀ ಮತ್ತ?”

“ಈಗ ನಮ್ಮ ಮನೆಯ ಹೆಣ್ಣಲ್ವಾ” ಎಂದರು ಗುಣಪಾಲ.

ಮಾರ್ಟಿನಾ ಬಕೆಟ್ಟನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ಯೋಚನೆ ತಾನಾಗಿ ಬಂದಿತ್ತು. ಕಡಲು ದಾಟಿ ಬಂದ ಹುಡುಗಿ ಇಲ್ಲೇ ಇದ್ದಾಳೆ, ಕಡಲು ದಾಟಿ ಬಂದ ಹುಡುಗ ಇಲ್ಲೇ ಇದ್ದಾನೆ. ಇಬ್ಬರೂ ಪರಸ್ಥಳದವರು, ಯಾವ ಕಾನೂನೂ ಅಡ್ಡ ಬರದು. ಆದರೆ ಹೆಣ್ಣು ಕೇಳುವುದು ಯಾರನ್ನು? ಸ್ತಮಾತಿಯಾರನ್ನು ಕೇಳಿದರು. ಅವರು ನಗಲಿಲ್ಲ. ಕಲ್ಲಿಗೆ ನೀರು ಸೋಕಿಸಬಾರದು, ಕೈಗವಸಿಲ್ಲದೆ ಮುಟ್ಟಬಾರದು, ಇಷ್ಟು ಹೇಳಿ, ತನಗೆ ಒಪ್ಪಿಗೆ ಎಂದು ಊರಿಗೆ ಹೊರಟುಹೋದರು. ಆಟಿ ಬಂದಾಗ ಹೆಣ್ಣಿನ ಕಡೆಗೆ ಯಾರೂ ಇಲ್ಲದಾಯಿತು.

“ಆಗ ನನ್ನ ಸ್ನೇಹಿತ ಒಬ್ಬರು ಬಂದ್ರು. ಹೆಸರು ಬೇಡ. ಕ್ರಿಸ್ತುವರು. ‘ಗುಣಪಾಲಣ್ಣ, ನನಗೆ ಹೆಣ್ಣುಮಕ್ಕಳಿಲ್ಲ, ಹೆಣ್ಣಿನ ಕಡೆಗೆ ನಾನು ನಿಲ್ತೇನೆ, ಪಾದ್ರಿಯವರಿಗೂ ಮನೆಯಲ್ಲೂ ಮಾತ್ರ ಹೇಳ್ಬೇಡಿ’ ಅಂತ. ಗುರುವಾರ ಅವರೇ ರೋಸ್ ಮಾಡಿದ್ರು. ಅವರಲ್ಲಿ ಮದುವೆಯ ಮುಂಚಿನ ದಿನ ತೆಂಗಿನಹಾಲು ಎರೆದು ಮೀಯಿಸ್ತಾರೆ... ಸೂಪರ್ ಮಾರ್ಕೆಟ್ಟಿನ ಡಬ್ಬದ ಹಾಲು. ಕೊಡದ ಮುಂದೆ ಸ್ಟೀಲಿನ ಬೋಗುಣಿ ಇಟ್ಟು ಅದರಲ್ಲಿ ಎರೆದ್ರು, ಕೊಂಕಣಿ ಶೋಭಾನೆ ಎರಡು ಸಾಲು ಹೇಳಿ ಮುಂದೆ ಬಾರದೆ ನಿಲ್ಲಿಸಿದ್ರು. ಗಂಡಸರಿಗೆ ಎಲ್ಲಿ ಬರ್ತದೆ?”

ಶುಕ್ರವಾರ, ಆಗಸ್ಟ್ ಎರಡು, 2013. ಉಗ್ರಾಣಕ್ಕೆ ರಜೆ. ಮಧ್ಯಾಹ್ನ ಹನ್ನೆರಡೂವರೆಗೆ ಎರಡು ಮಣೆ ಇಟ್ಟರು. ಒಂದರ ಮೇಲೆ ರಿತೇಶನ ಪಂಚೆ, ಅಂಗಿ. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಕರಿಮಣಿ, ವಿಮಾನದಲ್ಲಿ ಬಂದ ಶಂಕರಪುರದ ಮಲ್ಲಿಗೆ. ತುಳುವರ ಮದುವೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಧಾರೆ: ಇಬ್ಬರ ಕೈ ಸೇರಿಸಿ ಹೆಣ್ಣಿನ ಕಡೆಯವರು ನೀರೆರೆಯಬೇಕು. ಎರೆಯುವ ಮುಂಚೆ ಗಂಡಿನ ಕಡೆಯ ಹಿರಿಯ ಕೇಳಬೇಕೆಂದು ಅಕ್ಕ ಜಲಜಾಕ್ಷಿ ಫೋನಿನಲ್ಲಿ ಹೇಳಿಕೊಟ್ಟಿದ್ದಳು: ಯಾವ ಮನೆಯ ಹುಡುಗಿ? ಗುಣಪಾಲ ಕೇಳಿದರು.

“ಅವರು ತಡವರಿಸಲಿಲ್ಲ. ಗ್ರೀಸ್ ಅನ್ನಬಹುದಿತ್ತು, ಮಿಲೆಟಸ್ ಅನ್ನಬಹುದಿತ್ತು. ‘ನನ್ನ ಮನೆಯ ಹುಡುಗಿ’ ಅಂತ ಹೇಳಿ, ರಸ್ತೆ, ವಿಲ್ಲಾ ನಂಬರು, ನೆಲಮಹಡಿ ಅಂತ ಕೊರಿಯರಿಗೆ ಕೊಟ್ಟ ಹಾಗೆ ವಿಳಾಸ ಹೇಳಿ, ಚೊಂಬು ಬಗ್ಗಿಸಿದ್ರು.”

ನೀರು ಎರಡು ಮಣೆಗಳ ನಡುವೆ ಬಿದ್ದು ಹರಿಯಲಿಲ್ಲ. ನೆಲ ಕುಡಿಯಿತೋ, ಗಾಳಿ ಕುಡಿಯಿತೋ; ಇಬ್ಬರೂ ನೋಡುತ್ತಿದ್ದ ಹಾಗೆ ಇಲ್ಲವಾಯಿತು. ಆ ದಿನದಿಂದ ಕೊಡದ ಬುಡ ಒಣಗಿಯೇ ಇತ್ತು. ಅಕ್ಟೋಬರಿನಲ್ಲಿ ಕೊಡ ಬಂದ ದೇಶಕ್ಕೆ ವಾಪಸು ಹೋಯಿತು.

“ಕತಿ ಮುಗೀತಾ?”

“ಮುಗಿದಿದ್ರೆ ನನಗೆ ಇವತ್ತು ಈ ಸಂಕಟ ಯಾಕೆ?”

ಮರುವರ್ಷದ ಆಟಿಯಲ್ಲಿ ಗುಣಪಾಲ ಎರಡು ಎಲೆ ಹಾಕಿದರು. ತಮ್ಮನ ಅನ್ನದಲ್ಲಿ ಬೆರಳಿನ ಗುರುತು. ಅವಳ ಅನ್ನ ಬಡಿಸಿದ ಹಾಗೇ ಇತ್ತು. ಅದರ ಮರುವರ್ಷವೂ ಹಾಗೆಯೇ. ಎದೆ ಒಡೆದುಕೊಂಡು ಅಕ್ಕನಿಗೆ ಫೋನ್ ಮಾಡಿದರೆ ಅವಳು ಬೈದಳು: ನಿನಗೆ ಇಷ್ಟು ಗೊತ್ತಿಲ್ಲವಾ, ಹೊಸತಾಗಿ ಮದುವೆಯಾದ ಹೆಣ್ಣು ಆಟಿಯಲ್ಲಿ ಗಂಡನ ಮನೆಯಲ್ಲಿ ಇರುತ್ತಾಳಾ? ತವರಿಗೆ ಹೋಗಿರುತ್ತಾಳೆ.

ಗುಣಪಾಲರ ಸ್ವರ ಸಣ್ಣದಾಯಿತು.

“ಅಕ್ಕ ಹೇಳಿದ್ದು ಸರಿ ಇರ್ಬಹುದು... ಅವಳು ತವರಿಗೆ ಹೋಗಿರ್ಬಹುದು. ಅಥವಾ ಅವಳು ಬರಲೇ ಇಲ್ವಾ? ನಾನು ಒಂದು ಕಲ್ಲಿಗೆ ಸೀರೆ ತೋರಿಸಿ, ತಮ್ಮನಿಗೆ ಮದುವೆಯಾಯ್ತು ಅಂತ ಸುಳ್ಳು ಹೇಳಿದ್ದಾ? ಇದು ಗೊತ್ತಾಗದೆ ನಾನು ವಿಮಾನ ಹತ್ತುದು ಹೇಗೆ? ನಾನು ಹೋದ ಮೇಲೆ ಅವನಿಗೆ ಇಲ್ಲಿ ಯಾರಿದ್ದಾರೆ? ಗೊತ್ತಿರುವುದು ಒಂದೇ ಮನೆಗೆ... ಆ ತವರುಮನೆಯವರಿಗೆ. ಅವರಲ್ಲಿ ಕೇಳುವ ಹಾಗಿಲ್ಲ.”

ಆಸ್ವಾಲ್ಡ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ, ಆದರೆ ಅವರ ಕಿವಿ ಕೆಂಪಾಗಿತ್ತು. ಖೈರುನ್ನಿಸ ಒಮ್ಮೆ ಅವರನ್ನು, ಒಮ್ಮೆ ಬಾಗಿಲನ್ನು ನೋಡಿದರು.

ಮಾರ್ಟಿನಾ ಟವೆಲನ್ನು ಕೊನೆಯ ಹನಿಯವರೆಗೆ ಹಿಂಡಿ, ಕೊಡವಿ, ಬಕೆಟ್ಟಿನ ಅಂಚಿಗೆ ಹಾಕಿದರು. ತಿರುಗದೆಯೇ ಕೇಳಿದರು:

“ಅವಳ ಹೆಸರು ಎಂತ, ಗುಣಪಾಲಣ್ಣ?”

ಗುಣಪಾಲ ಆ ಬೆನ್ನಿಗೇ ಹೇಳಿದರು:

“ಮೆಲಿತ್ತಾ.”

“ಮೆಲಿತ್ತಾ” ಎಂದು ಮಾರ್ಟಿನಾ ಮೆಲ್ಲಗೆ ಹೇಳಿ ನೋಡಿದರು. “ಎರಡು ವರ್ಷದಿಂದ ಆಟಿಯಲ್ಲಿ ಬರ್ತಾಳೆ. ಖಾಲಿ ಬಿದ್ದ ಮಗನ ಕೋಣೆಯ ಬಾತ್‌ರೂಮಿನಲ್ಲಿ ಮೀಯ್ತಾಳೆ, ಕೂದಲು ಒರೆಸಿಕೊಳ್ಳದೆ ಮಂಚದಲ್ಲಿ ಕೂರ್ತಾಳೆ. ಊಟಕ್ಕೆ ಕರೀಬೇಕು ಅಂತ ಆಗ್ತದೆ... ಹೆಸರು ಗೊತ್ತಿಲ್ಲದೆ ಎಂತ ಅಂತ ಕರೆಯುದು?”

ಗುಣಪಾಲ ಕಣ್ಣು ಮುಚ್ಚಿದರು. ಇಪ್ಪತ್ಮೂರು ವರ್ಷ ಹಿಡಿದಿಟ್ಟುಕೊಂಡ ಉಸಿರೊಂದು ಹೊರಗೆ ಬಂದ ಹಾಗಾಯಿತು. ಆಮೇಲೆ ಎದ್ದು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. ಖೈರುನ್ನಿಸ ಕುರ್ಚಿಯ ಮೇಲೆ ಕಾಲೆತ್ತಿ ಕೂತಿದ್ದರು.

“ಈ ಸಲ ಆಟಿ ಶುರುವಾಗುದು ಜುಲೈ ಹದಿನೇಳಕ್ಕೆ, ಖೈರುನ್ನಿಸಮ್ಮ” ಎಂದರು ಅವರು ಬಾಗಿಲಲ್ಲಿ ನಿಂತು. “ಮಧ್ಯಾಹ್ನದ ಹೊತ್ತು ಕೆಳಗಿನಿಂದ ನೀರೆರೆಯುವ ಸದ್ದು ಮೇಲೆ ಕೇಳಿದರೆ... ವಾಚ್‌ಮನ್‌ಗೆ ಫೋನ್ ಮಾಡ್ಬೇಡಿ. ಹುಡುಗಿ ಅಮ್ಮನ ಮನೆಗೆ ಬಂದಿದ್ದಾಳೆ ಅಷ್ಟೇ.”