ಗೇಟಿನಾಚೆ ಹಾರಿದ ಸ್ಪ್ರಿಂಗು

ಒಂದೂರಿತ್ತು. ಊರಿಗೆ ಒಬ್ಬನೇ ಸಾಹುಕಾರ, ಸಾಹುಕಾರನಿಗೆ ಒಬ್ಬಳೇ ಮಗಳು. ಮಗಳ ನಿಶ್ಚಿತಾರ್ಥ ಅಂದೇ ಹನ್ನೊಂದು ಗಂಟೆಗೆ, ಬೀಗರ ಊರಲ್ಲಿ. ಬೀಗರೋ, ಮುಹೂರ್ತ ತಪ್ಪಿದರೆ ಎದ್ದು ಹೋಗುವ ಜನ. ಮನೆಮಂದಿ ಬಸ್ಸು ಮಾಡಿಕೊಂಡು ಮುಂದೆ ಹೋಗಿದ್ದರು. ಅಪ್ಪ ಮಗಳು ಕಾರಿನಲ್ಲಿ ಹೊರಡಬೇಕು. ಕಾರು ತೊಳೆದಾಗಿತ್ತು, ಪೂಜೆಯಾಗಿತ್ತು. ಕೊರತೆ ಒಂದೇ. ಪೆಟ್ರೋಲ್ ಹಾಕುವ ತೂತಿನ ಮೇಲೆ ಅಂಗೈಯಗಲದ ಬಾಗಿಲಿರುತ್ತದಲ್ಲ, ಅದು ಹಿಂದಿನ ದಿನ ಕಂಬಕ್ಕೆ ತಾಗಿ ಮುರಿದಿತ್ತು. ಬೀಗರ ಮುಂದೆ ಮುಕ್ಕಾದ ಕಾರು ನಿಲ್ಲಿಸುವುದೇ? ಸಾಹುಕಾರ ಹೊಸ ಬಾಗಿಲು ತಂದಿಟ್ಟು ಮಿಸ್ತ್ರಿಗೆ ಹೇಳಿ ಕಳಿಸಿದ.

ಮಿಸ್ತ್ರಿ ಬಂದ. ಗೇಟಿನ ಹೊರಗೇ ನಿಂತ. ಯಾಕೆ ನಿಂತ? ನನ್ನನ್ನು ಕೇಳಬೇಡಿ, ನಿಮಗೇ ಗೊತ್ತು. ಅವನ ಕೇರಿಯವರು ಆ ಗೇಟು ದಾಟಿದವರಲ್ಲ. ಬೇರೆ ದಿನವಾಗಿದ್ದರೆ ಕಾರೇ ಹೊರಗೆ ಹೋಗಿ ಅವನ ಮುಂದೆ ನಿಲ್ಲುತ್ತಿತ್ತು. ಇವತ್ತು ಪೂಜೆಯಾದ ಕಾರು!

"ನೀ ಅಲ್ಲೇ ನಿಂತು ಹೇಳೋ, ನಾ ಮಾಡ್ತೀನಿ."

"ಸಾವ್ಕಾರ್ರ, ಐದು ಮಿನಿಟಿನ ಕೆಲಸ ಐತ್ರಿ, ನಾನ..."

"ಹೇಳಂದ್ರ ಹೇಳು."

ನೋಡಿ ಆ ವೈಭವವನ್ನು! ರೇಷ್ಮೆ ಪಂಚೆ ಎತ್ತಿ ಕಟ್ಟಿ, ಹೊಟ್ಟೆಯನ್ನು ಕಾರಿಗೆ ಒರಗಿಸಿ, ಸಾಹುಕಾರ ಸ್ಕ್ರೂಡ್ರೈವರ್ ಹಿಡಿದ. "ಸ್ಪ್ರಿಂಗ್ ಗಟ್ಟಿ ಹಿಡೀರಿ!" ಎಂದು ಮಿಸ್ತ್ರಿ ಕೂಗಿದ. ಹಿಡಿದನೇ? ಠಣ್! ಸ್ಪ್ರಿಂಗು ಹಾರಿ ಗೇಟು ದಾಟಿ ಮಿಸ್ತ್ರಿಯ ಕಾಲ ಬಳಿ ಬಿತ್ತು. ಅವನು ಎತ್ತಿದ, ಅಂಗಿಗೆ ಒರೆಸಿದ, ಸರಳಿನ ಸಂದಿಯಿಂದ ಚಾಚಿದ.

ಸಾಹುಕಾರನ ಕೈ ಅರ್ಧದಲ್ಲೇ ನಿಂತಿತು.

"ಅದನ್ಯಾಕ ಮುಟ್ಟಿದೆಲೇ?"

"ಮುಟ್ಟದ ಹ್ಯಾಂಗ ಕೊಡ್ಲಿರಿ?"

"ಒಗಿ ಅತ್ತಾಗ! ಪೂಜಿ ಆದ ಗಾಡಿಗೆ ಅದು ಬ್ಯಾಡ."

"ಹಂಗಂದ್ರ ಬಾಗಲಾ ಮುಚ್ಚತೈತ್ರಿ, ತೆರಿಯೂದಿಲ್ಲ. ಒಳಗಿಂದ ಹೊರಗ ನೂಕೂದ ಈ ಸ್ಪ್ರಿಂಗ್."

"ನೀ ನನಗ ಕಲಿಸಬ್ಯಾಡ."

ಸ್ಪ್ರಿಂಗಿಲ್ಲದೆಯೇ ಬಾಗಿಲು ಕೂರಿಸಿ ಟಪ್ಪನೆ ಮುಚ್ಚಿದ. ಎಷ್ಟು ಚೆಂದ ಮುಚ್ಚಿತು ಅಂತೀರಿ!

ಊರ ಹೊರಗಿನ ಬಂಕಿಗೆ ಬರುವಷ್ಟರಲ್ಲಿ ಟ್ಯಾಂಕು ಖಾಲಿ. ಆ ಬಾಗಿಲು ತೆರೆಯಲು ಸೀಟಿನ ಪಕ್ಕದ ಹಿಡಿಕೆ ಎಳೆದ. ಒಳಗೆ ಟಿಕ್ ಎಂದಿತು, ಹೊರಗೆ ಬಾಗಿಲು ಮಿಸುಕಲಿಲ್ಲ. ಪೆಟ್ರೋಲ್ ಹಾಕುವ ಹೆಣ್ಣುಮಗಳು ಬಗ್ಗಿ ನೋಡಿದಳು.

"ಒಳಗ ಸ್ಪ್ರಿಂಗ್ ಇಲ್ರೀ. ನೀವು ಹಿಡಿಕಿ ಎಳೀರಿ, ನಾ ಉಗುರು ಹಾಕಿ ಎಬ್ಬಸ್ತೀನಿ."

"ನಿನಗ್ಹ್ಯಾಂಗ ಗೊತ್ತು? ನೀ ಯಾರ ಪೈಕಿ?"

"ಮಿಸ್ತ್ರಿ ಅದಾರಲ್ರಿ, ಅವರು ನಮ್ಮ ಯಜಮಾನ್ರು."

"ದೂರ ಸರಿ!"

ಪೈಪು ಉದ್ದ ಇದೆ, ಅವಳು ಹಿಡಿದ ಪೈಪಿಗೆ ಅಡ್ಡಿಯಿಲ್ಲ; ಕಾರಿಗೆ ತಾಗುವ ಅವಳ ಬೆರಳಿಗೆ ಮಾತ್ರ ಅಡ್ಡಿ! ಸಾಹುಕಾರ ತಾನೇ ಹಿಡಿಕೆ ಎಳೆದು ಹಿಂದಕ್ಕೆ ಓಡಿದ. ಬಿಟ್ಟ ಹಿಡಿಕೆ ಮೊದಲಿನಂತೆ ಕೂತು ಬಾಗಿಲು ಮತ್ತೆ ಬಿಗಿಯಿತು. ಮುಂದಕ್ಕೆ ಓಡಿದ. ಮತ್ತೆ ಹಿಂದಕ್ಕೆ. "ಅಪ್ಪಾ, ನಾ ಎಳೀಲೇನು?" ಎಂದಳು ಮಗಳು. "ಮದುಮಗಳು ನೀ, ಸುಮ್ಮನ ಕೂಡ್ರು!" ಗಂಟೆ ಹತ್ತಾಯಿತು. ಹಿಂದೆ ಸಾಲುಗಟ್ಟಿದ ಬೈಕಿನವರು ಹಾರ್ನ್ ಬಿಟ್ಟು ನಗತೊಡಗಿದರು. "ಸಾವ್ಕಾರ್ರು ಪ್ರದಕ್ಷಿಣಿ ಹಾಕಾಕತ್ತಾರ, ಕಾಯಿ ತರ್ರಿ!"

ಏಳನೆಯ ಸುತ್ತಿಗೆ ಪಂಚೆ ಸಡಿಲಾಯಿತು. ಅವನು ಎರಡೂ ಕೈಯಲ್ಲಿ ಮಾನ ಹಿಡಿದು ನಿಂತಾಗ ಮಗಳು ಬಾಗಿ ಹಿಡಿಕೆ ಎಳೆದಳು.

"ಅಕ್ಕಾ, ಎಬ್ಬಿಸು!"

ಎಬ್ಬಿಸಿದಳು. ತೆರೆಯಿತು. ಸಾಹುಕಾರ ಏನು ಮಾಡಿದ? ಕಂಡೇ ಇಲ್ಲವೆಂಬಂತೆ ಮುಖ ತಿರುಗಿಸಿ ನಿಂತ. ಟ್ಯಾಂಕು ತುಂಬಿತು, ಮುಹೂರ್ತ ಸಿಕ್ಕಿತು, ಬೀಗರು ನಕ್ಕರು.

ಅವನು ಬದಲಾದನೇ? ಇಲ್ಲ! ಸಂಜೆ ಮನೆಗೆ ಬಂದವನೇ ಕಾರಿಗೆ ಗೋಮೂತ್ರ ಚಿಮುಕಿಸಿದ. ಟ್ಯಾಂಕಿನ ಪೆಟ್ರೋಲನ್ನು ಚೆಲ್ಲಿದನೇ? ಅದನ್ನು ಮಾತ್ರ ಚೆಲ್ಲಲಿಲ್ಲ.

ನಕ್ಕಿರಿ ನೀವು. ನಗಿ. ಆದರೆ ಯಾರನ್ನು ನೋಡಿ ನಕ್ಕಿರಿ? ನಾಳೆ ನಿಮ್ಮ ಓಣಿಗೆ ಚರಂಡಿ ತೆಗೆಯಲು ಒಬ್ಬ ತಾಯಿ ಬರುತ್ತಾಳೆ. ನೀರು ಕೇಳುತ್ತಾಳೆ. ಅಂಗಳದ ನಲ್ಲಿ ತೋರಿಸಬೇಡಿ. ಬೊಗಸೆಗೆ ಮೇಲಿಂದ ಸುರಿಯಬೇಡಿ. ಒಳಗೆ ಕರೆಯಿರಿ, ನೀವು ಕೂರುವ ಕುರ್ಚಿಯಲ್ಲಿ ಕೂರಿಸಿ, ನೀವು ಕುಡಿಯುವ ತಂಬಿಗೆಯನ್ನೇ ಅವಳ ಕೈಗೆ ಕೊಡಿ. ಅಷ್ಟು ಮಾಡಿದರೆ ಸಾಕೇ? ಸಾಲದು. ಅವಳು ಹೋದಮೇಲೆ ಅಡುಗೆಮನೆಯಲ್ಲಿ ಯಾರೂ ನೋಡುವುದಿಲ್ಲ ನೋಡಿ, ಆಗ ಆ ತಂಬಿಗೆಯನ್ನು ಎರಡು ಸಲ ತೊಳೆಯಬೇಡಿ.