ನೆಟ್ಟಗೆ ಮಾಡಿದ ಪಿನ್ನುಗಳು

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಸಾಮಾನು ವಾಪಸು ಕೊಡುವವರ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಮದರ್‌ಬೋರ್ಡಿನ ಡಬ್ಬಿ ಹಿಡಿದ ಹುಡುಗಿ, ಪಕ್ಕದಲ್ಲಿ ಅವಳ ಅಪ್ಪ.

"ಡಬ್ಬಿ ತೆಗೆದಾಗ್ಲೇ ಪ್ರೊಸೆಸರ್ ಕೂರಿಸೋ ಜಾಗದ ಪಿನ್ನು ಹೀಗಿತ್ತು ಅಂತೀನಿ. ನೀನು ಸುಮ್ನಿರಪ್ಪ."

"ಹೀಗಿರ್ಲಿಲ್ಲ ಪುಟ್ಟಿ. ಎಲ್ಲಾ ಒಂದೇ ಕಡೆ ಬಾಗಿದ್ವು. ಚಿಮಟ ತಗೊಂಡು ಒಂದು ಸಾಲು ನೆಟ್ಟಗೆ ಮಾಡ್ದೆ."

"ಅಯ್ಯೋ, ಅವು ಬಾಗೇ ಇರ್ಬೇಕು! ನೆಟ್ಟಗೆ ಮಾಡಿದ್ರೆ ಬೋರ್ಡೇ ಕೆಟ್ಟ ಹಾಗೆ."

"ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ. ಸುಮ್ನೆ ಕೂರ್ಲಿಲ್ಲ. ತಪ್ಪಾಯ್ತಮ್ಮ."

ಹುಡುಗಿ ಡಬ್ಬಿ ತೆರೆದು ಒಮ್ಮೆ ನೋಡಿ ಮುಚ್ಚಿದಳು.

"ನಾವೇನೂ ಹೇಳ್ದಿದ್ರೆ ಬದಲಾಯಿಸಿ ಕೊಡ್ತಾರೆ."

"ಕೊಡ್ತಾರೆ. ಆಮೇಲೆ ಅವತ್ತು ಇಲ್ಲಿ ಪ್ಯಾಕ್ ಮಾಡಿಕೊಟ್ಟಳಲ್ಲ, ತಪ್ಪನ್ನ ಆ ಹುಡುಗಿ ತಲೆಗೆ ಕಟ್ತಾರೆ."

"ಇನ್ನೊಂದು ಬೋರ್ಡ್ ತಗೊಂಡ್ರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಉಳಿಯಲ್ಲ. ಅದಿಲ್ದೆ ನನ್ನ ಅನಿಮೇಷನ್ ಕೆಲಸ ತೆವಳುತ್ತೆ, ಗೊತ್ತಾ?"

"ಗೊತ್ತು. ಅದಕ್ಕೇ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ."

ಕೌಂಟರಿನವರು ಕರೆದರು. ಹುಡುಗಿ ನನಗೆ ದಾರಿ ಬಿಟ್ಟಳು. ಕೊಳ್ಳಬೇಕಾದ ಸಾಮಾನಿನ ಪಟ್ಟಿ ತೆಗೆದು ಅದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೆಸರನ್ನು ಹೊಡೆದುಹಾಕಿ, ಕೊಳ್ಳುವವರ ಸಾಲಿನತ್ತ ಹೊರಟಳು.

"ಬಾ. ಈ ಸಲ ನಾನು ಜೋಡಿಸಿ ಮುಗಿಸೋವರೆಗೂ ನಿನ್ನ ಎರಡೂ ಕೈ ಜೇಬಲ್ಲಿರ್ಬೇಕು."

ಅಪ್ಪ ಆಗಲೇ ಎರಡೂ ಕೈ ಜೇಬಿಗೆ ಹಾಕಿಕೊಂಡು ಮಗಳ ಹಿಂದೆ ನಡೆದರು.