ಗುಡೂರಿಗೆ ಹೋದ ಫೋನು

ಹುನಗುಂದ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನ ಎದುರು ಇಬ್ಬರು ಹೆಂಗಸರು ನನ್ನ ಪಕ್ಕದಲ್ಲೇ ನಿಂತಿದ್ದರು. ಆಗಷ್ಟೇ ಫೋನಿಟ್ಟು ಬಂದವಳನ್ನು ಅವಳ ಅಕ್ಕ ಕೇಳಿದಳು.

"ಸಹಾಯವಾಣಿಯವ್ರು ಏನಂದ್ರು?"

"ಅಳಿಯ ಮಗಳ್ನ ಹೊಡಿತಾನ ಅಂದ್ನಿ. ಹೆಸರು, ಮನಿ ಎಲ್ಲಾ ಕೇಳಿದ್ರು. ಗುಡೂರಾಗ ಅವರ ಕಡಿಯಾಕಿ ಒಬ್ಬಾಕಿ ಅದಾಳಂತ, ಈಗ ಆಕಿಗೆ ಫೋನ್ ಮಾಡಿ ಹೇಳ್ತಾರಂತ."

"ಚಲೋನ ಆತಲ್ಲ. ಮಾರಿ ಯಾಕ ಸಣ್ಣ ಮಾಡೀದಿ?"

"ಆಕಿ ನಮ್ಮ ಬೀಗತಿ, ಅಕ್ಕಾ."

"ಅಳಿಯನ ಅವ್ವ?"

"ಹೂಂ. ಅಲ್ಲಿ ಹೆಣ್ಮಕ್ಕಳ ಸಂಘಕ್ಕ ಆಕೀನ ಅಧ್ಯಕ್ಷಿ."

"ಬ್ಯಾಡ್ರಿ ಅನ್ನಬೇಕಿಲ್ಲೇನ, ಹುಚ್ಚಿ?"

"ಅನ್ನೂದ್ರಾಗ ಇಟ್ಟುಬಿಟ್ರು. ಮತ್ತ ಹಚ್ಚಿದ್ರ ಎಂಗೇಜ್ ಬರಾಕತ್ತೈತಿ."

"ಆಕಿಗೇ ಹಚ್ಚಿರಬೇಕು."

ಗುಡೂರಿನ ಬಸ್ಸು ಹೊರಡುತ್ತಿತ್ತು. ಇಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಹಿಂದೆ ಓಡಿದರು.